ಸಂಘದ ಗಣಕಯಂತ್ರದ ಪಾಲನೆ ಮತ್ತು ರಕ್ಷಣೆ



ಕೆಚ್ಚಲು ಬಾವು, ಬಂಜೆತನ, ಹಸಿರು ಮೇವು, ಕರುಗಳ ಪಾಲನೆ ಮುಂತಾದ ವಿಷಯಗಳನ್ನು ಬರೆಯುತ್ತಾ ಬಂದಿರುವ ನಾನು ಈ ಬಾರಿ ನಿಮ್ಮ ಸಂಘದ ಕಚೇರಿಯಲ್ಲಿರುವ ಗಣಕಯಂತ್ರದ ಬಗ್ಗೆ ಬರೆಯುತ್ತಿದ್ದೇನೆ. ದನದ ಡಾಕ್ಟರಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಅದನ್ನು ನಾನು ಕಣ್ಣಾರೆ ಕಂಡ ಒಂದು ಘಟನೆಯಿಂದ ತಿಳಿಸುತ್ತೇನೆ.

ಏಪ್ರಿಲ್ ತಿಂಗಳ ಒಂದು ಸಂಜೆ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಮಳೆ. ನನ್ನ ವ್ಯಾಪ್ತಿಯ ಒಂದು ಸಂಘದಲ್ಲಿ ಹಾಲು ಖರೀದಿ ಮುಗಿದಿತ್ತು, ಕಂಪ್ಯೂಟರ್ ಚಾಲೂ ಇತ್ತು. ಹತ್ತಿರದಲ್ಲೇ ಸಿಡಿಲು ಬಡಿಯಿತು. ದೀಪಗಳು ಒಮ್ಮೆ ಮಿಂಚಿ ಆರಿದವು. ಮಾರನೆಯ ಬೆಳಿಗ್ಗೆ ಯಂತ್ರ ಏಳಲಿಲ್ಲ. ಪಟ್ಟಣಕ್ಕೆ ಒಯ್ದಾಗ ಒಳಗಿನ ಹಾರ್ಡ್ ಡಿಸ್ಕೂ ಸುಟ್ಟಿದೆ ಎಂದರು. "ನಕಲು ಇದೆ ಸಾರ್, ಡಿ ಡ್ರೈವಿನಲ್ಲಿ ಹಾಕಿಟ್ಟಿದ್ದೆ" ಎಂದು ಕಾರ್ಯದರ್ಶಿಯವರು ಧೈರ್ಯವಾಗಿ ಹೇಳಿದರು. ಆದರೆ ಸಿ ಡ್ರೈವ್, ಡಿ ಡ್ರೈವ್ ಎರಡೂ ಅದೇ ಒಂದು ಡಿಸ್ಕಿನ ಎರಡು ಭಾಗಗಳು. ಒಂದೇ ಕೊಟ್ಟಿಗೆಯ ಎರಡು ಗೊಂತುಗಳಿದ್ದಂತೆ. ಕೊಟ್ಟಿಗೆಗೆ ಬೆಂಕಿ ಬಿದ್ದರೆ ಎರಡೂ ಹೋಗುತ್ತವೆ.

ಆ ವಾರದ ಬಟವಾಡೆ ನಿಂತಿತು. ಯಾರು ಎಷ್ಟು ಹಾಲು ಹಾಕಿದ್ದರು, ಜಿಡ್ಡು ಎಷ್ಟು, ಎಸ್.ಎನ್.ಎಫ್. ಎಷ್ಟು ಎಂಬುದಕ್ಕೆ ಆಧಾರವಿಲ್ಲ. ಪಾಸ್‌ಬುಕ್ಕು ಬರೆಸದವರೇ ಹೆಚ್ಚು. ಚೀಟಿಗಳನ್ನು ಕೆಲವರು ಎಸೆದಿದ್ದರು, ಕೆಲವರದು ಜೇಬಿನಲ್ಲೇ ಒಗೆದು ಹೋಗಿತ್ತು. ಒಬ್ಬ ಹಿರಿಯ ಸದಸ್ಯೆ ಮಾತ್ರ ಖನಿಜ ಮಿಶ್ರಣದ ಖಾಲಿ ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ ಇಟ್ಟರು. ಅದರಲ್ಲಿ ಅವರ ಎಲ್ಲ ಚೀಟಿಗಳೂ ದಾರ ಕಟ್ಟಿ ಭದ್ರವಾಗಿದ್ದವು. "ನಿಮ್ ಪೆಟ್ಟಿಗೆ ಮರೆತ್ರೂ ನನ್ ಡಬ್ಬಿ ಮರ್ತಿಲ್ಲ ಡಾಕ್ಟ್ರೇ" ಎಂದರು. ಅವರ ಲೆಕ್ಕ ಹತ್ತು ನಿಮಿಷದಲ್ಲಿ ಮುಗಿಯಿತು. ಉಳಿದವರದು ಹಿಂದಿನ ವಾರದ ಸರಾಸರಿ ಹಿಡಿದು, ವಾದವಿವಾದ ನಡೆದು ಇತ್ಯರ್ಥವಾಗಲು ಮೂರು ವಾರ ಹಿಡಿಯಿತು.

ಅಷ್ಟೇ ಅಲ್ಲ. ಆ ಯಂತ್ರದಲ್ಲೇ ಕೃತಕ ಗರ್ಭಧಾರಣೆಯ ದಾಖಲೆಯೂ ಇತ್ತು. ಹಸುವಿನ ಗರ್ಭಾವಧಿ ಸುಮಾರು 280 ದಿನ. ಜೂನ್ 1ರಂದು ಗರ್ಭಧಾರಣೆ ಮಾಡಿಸಿದ ಹಸು ಮುಂದಿನ ಮಾರ್ಚ್ 8ರ ಸುಮಾರಿಗೆ ಈಯಬೇಕು. ಅದಕ್ಕೆ 60 ದಿನ ಮೊದಲು, ಅಂದರೆ ಜನವರಿ ಮೊದಲ ವಾರದಲ್ಲಿ, ಹಾಲು ಬತ್ತಿಸಬೇಕು. ತಾರೀಖೇ ತಿಳಿಯದಿದ್ದರೆ ಬತ್ತಿಸುವುದು ಯಾವಾಗ? ಆ ಊರಿನಲ್ಲಿ ಕೆಲವು ಹಸುಗಳನ್ನು ಈಯುವ ಹತ್ತಿರದವರೆಗೂ ಕರೆದರು. ಮುಂದಿನ ಸೂಲಿನಲ್ಲಿ ಹಾಲು ಕಡಿಮೆಯಾಯಿತು ಎಂದು ನನ್ನ ಬಳಿಗೆ ಬಂದರು. ಈ ಲೇಖನ ಬರೆಯಲು ಅದೇ ಕಾರಣ.

ಆದುದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರ ಸುಟ್ಟರೆ ಹೊಸದನ್ನು ಕೊಳ್ಳಬಹುದು. ಅದರೊಳಗಿನ ಲೆಕ್ಕ ಅಂಗಡಿಯಲ್ಲಿ ಸಿಗುವುದಿಲ್ಲ. ಯಂತ್ರದ ಆರೈಕೆ ಬೇಕು, ಲೆಕ್ಕದ ರಕ್ಷಣೆ ಅದಕ್ಕಿಂತ ಹೆಚ್ಚಾಗಿ ಬೇಕು.

ನಷ್ಟದ ಅಂದಾಜು

ಒಬ್ಬ ಸದಸ್ಯರು ಬೆಳಿಗ್ಗೆ 8 ಲೀಟರ್, ಸಂಜೆ 6 ಲೀಟರ್ ಹಾಲು ಹಾಕುತ್ತಾರೆ ಎನ್ನೋಣ. ವಾರಕ್ಕೆ 98 ಲೀಟರ್ ಆಯಿತು. ಲೆಕ್ಕಕ್ಕಾಗಿ ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ 3,430 ರೂಪಾಯಿ. ಅಂಥ 100 ಸದಸ್ಯರಿದ್ದರೆ ಒಂದು ವಾರದ ಲೆಕ್ಕ 3,43,000 ರೂಪಾಯಿ. ಇದಲ್ಲದೆ ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನವೂ ನೀವು ಹಾಕಿದ ಹಾಲಿನ ಪ್ರಮಾಣದ ಮೇಲೆಯೇ ಲೆಕ್ಕವಾಗುತ್ತದೆ. ಇಷ್ಟೆಲ್ಲಕ್ಕೂ ಆಧಾರವಾದ ಯಂತ್ರವನ್ನು ಬಾಗಿಲ ಸಂದಿಯಲ್ಲಿಟ್ಟು ಮರೆಯಬಾರದು.

1. ವಿದ್ಯುತ್: ಮೊದಲ ಶತ್ರು

ಹಳ್ಳಿಗಳಲ್ಲಿ ಕಂಪ್ಯೂಟರ್ ಕೆಡಲು ವಿದ್ಯುತ್ತಿನ ಏರಿಳಿತ ಒಂದು ಮುಖ್ಯ ಕಾರಣ.

ಯು.ಪಿ.ಎಸ್. ಕಡ್ಡಾಯವಾಗಿ ಇರಬೇಕು. ಆದರೆ ಅದರ ಉದ್ದೇಶವನ್ನು ಸರಿಯಾಗಿ ತಿಳಿಯಿರಿ. ಸಾಮಾನ್ಯವಾಗಿ ಬಳಸುವ 600 ವಿ.ಎ. ಯು.ಪಿ.ಎಸ್. ಸುಮಾರು 360 ವಾಟ್ ಹೊರೆ ಹೊರಬಲ್ಲದು. ಕರೆಂಟು ಹೋದ ಮೇಲೆ ಹತ್ತು ಹದಿನೈದು ನಿಮಿಷ ಮಾತ್ರ ನಡೆಸುತ್ತದೆ. ಕೈಯಲ್ಲಿರುವ ಕೆಲಸವನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ ಅಷ್ಟು ಸಾಕು. ಇಡೀ ಹೊತ್ತಿನ ಹಾಲು ಖರೀದಿಯನ್ನು ಅದರ ಮೇಲೆ ನಡೆಸಲು ಹೋಗಬಾರದು. ಲೇಸರ್ ಪ್ರಿಂಟರ್, ನೀರು ಕಾಯಿಸುವ ಕೆಟಲ್, ಇಸ್ತ್ರಿ ಪೆಟ್ಟಿಗೆ ಇವನ್ನು ಯು.ಪಿ.ಎಸ್.ಗೆ ಸಿಕ್ಕಿಸಲೇಬಾರದು.

ಯು.ಪಿ.ಎಸ್. ಬ್ಯಾಟರಿಯ ಆಯಸ್ಸು ಸಾಮಾನ್ಯವಾಗಿ 3ರಿಂದ 5 ವರ್ಷ. ಸೆಕೆ ಹೆಚ್ಚಿದ್ದರೆ ಇನ್ನೂ ಕಡಿಮೆ. ತಿಂಗಳಿಗೊಮ್ಮೆ, ಕೆಲಸವಿಲ್ಲದ ಹೊತ್ತಿನಲ್ಲಿ, ತೆರೆದ ಕಡತಗಳನ್ನೆಲ್ಲ ಮುಚ್ಚಿ ಗೋಡೆಯ ಸ್ವಿಚ್ ಆರಿಸಿ ನೋಡಿ. ಯಂತ್ರ ತಕ್ಷಣ ನಿಂತುಹೋದರೆ ಬ್ಯಾಟರಿ ಮುಗಿದಿದೆ ಎಂದರ್ಥ. ಬ್ಯಾಟರಿ ಉಬ್ಬಿದ್ದರೆ ಕೂಡಲೇ ತೆಗೆಸಿ.

ಬಿ.ಎಂ.ಸಿ. ಇರುವ ಸಂಘಗಳು ಇನ್ನೊಂದು ವಿಷಯ ಗಮನಿಸಬೇಕು. ಕಂಪ್ರೆಸರ್ ಚಾಲೂ ಆದ ಕ್ಷಣದಲ್ಲಿ ಕೋಣೆಯ ದೀಪ ಮಂಕಾಗುವುದನ್ನು ನೀವು ನೋಡಿರಬಹುದು. ಮೋಟಾರು ಹೊರಡುವಾಗ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಕಂಪ್ಯೂಟರಿಗೆ ಬೋರ್ಡಿನಿಂದಲೇ ಪ್ರತ್ಯೇಕ ತಂತಿ ಎಳೆಸಿ.

ಭೂಸಂಪರ್ಕ, ಅಂದರೆ ಅರ್ಥಿಂಗ್, ಸರಿಯಿದೆಯೇ ಎಂದು ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಇದ್ದಿಲು, ಉಪ್ಪು ಹಾಕಿದ ಹಳೆಯ ಮಾದರಿಯ ಗುಂಡಿಯಾದರೆ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಬೇಕು. ಮೂರು ಕಾಲಿನ ಪ್ಲಗ್ಗಿನ ಒಂದು ಕಾಲು ಮುರಿದು ಎರಡರ ಸಾಕೆಟ್ಟಿಗೆ ತುರುಕುವುದು ಅಪಾಯಕರ. ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡುವ ಕೋಣೆ ಅದು ಎಂಬುದನ್ನು ಮರೆಯಬೇಡಿ.

ಗುಡುಗು ಸಿಡಿಲಿನ ಸೂಚನೆ ಕಂಡ ಕೂಡಲೇ ಯಂತ್ರವನ್ನು ಮುಚ್ಚಿ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಇಂಟರ್ನೆಟ್ಟಿನ ತಾಮ್ರದ ತಂತಿ ಇದ್ದರೆ ಅದನ್ನೂ ಬಿಚ್ಚಬೇಕು. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ. ಇದನ್ನೆಲ್ಲ ಮೋಡ ಮೇಲೇರುವಾಗಲೇ ಮಾಡಬೇಕು, ಸಿಡಿಲು ತಲೆಯ ಮೇಲೆ ಬಂದಾಗ ತಂತಿ ಮುಟ್ಟಬಾರದು.

2. ಇಡುವ ಸ್ಥಳ

ಖರೀದಿ ಮುಗಿದ ಮೇಲೆ ನೆಲ ತೊಳೆಯುವುದು ನಮ್ಮ ಪದ್ಧತಿ. ಆದ್ದರಿಂದ ಕಂಪ್ಯೂಟರಿನ ಪೆಟ್ಟಿಗೆ, ಯು.ಪಿ.ಎಸ್., ತಂತಿಗಳ ಜೋಡಣೆ ಎಲ್ಲವೂ ನೆಲದಿಂದ ಒಂದಡಿಯಾದರೂ ಮೇಲಿರಬೇಕು.

ಪಶು ಆಹಾರದ ಚೀಲಗಳನ್ನು ಅದೇ ಕೋಣೆಯಲ್ಲಿ ಜೋಡಿಸುವುದು ಅನೇಕ ಸಂಘಗಳಲ್ಲಿ ಕಾಣುತ್ತದೆ. ಇದರಿಂದ ಎರಡು ತೊಂದರೆ. ಚೀಲ ಎತ್ತಿ ಇಳಿಸುವಾಗ ಏಳುವ ಹಿಟ್ಟಿನ ಧೂಳು ಯಂತ್ರದೊಳಗಿನ ಫ್ಯಾನಿಗೆ ಮೆತ್ತಿಕೊಂಡು ಯಂತ್ರ ಕಾವೇರುತ್ತದೆ, ನಿಧಾನವಾಗುತ್ತದೆ, ತಾನಾಗಿಯೇ ನಿಲ್ಲುತ್ತದೆ. ಆಹಾರ ಇರುವಲ್ಲಿಗೆ ಇಲಿ ಬರುತ್ತದೆ, ಬಂದ ಇಲಿ ತಂತಿಯನ್ನೂ ಕಡಿಯುತ್ತದೆ. ಚೀಲಗಳಿಗೆ ಬೇರೆ ಕೋಣೆ ಮಾಡಿ. ಆಗದಿದ್ದರೆ ನಡುವೆ ಒಂದು ಅಡ್ಡಗೋಡೆಯಾದರೂ ಇರಲಿ. ಗರ್ಬರ್ ಪರೀಕ್ಷೆಗೆ ಬಳಸುವ ಗಂಧಕಾಮ್ಲದ ಬಾಟಲಿಯನ್ನು ಕಂಪ್ಯೂಟರ್ ಮೇಜಿನ ಮೇಲೆ ಇಡಲೇಬಾರದು.

ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಪೆಟ್ಟಿಗೆಯ ಮುಚ್ಚಳ ತೆರೆದು, ಬ್ಲೋವರ್‌ನಿಂದ ಧೂಳು ಊದಿಸಿ. ಊದುವಾಗ ಫ್ಯಾನಿನ ರೆಕ್ಕೆ ಗಿರ್ರನೆ ತಿರುಗದಂತೆ ಒಂದು ಕಡ್ಡಿಯಿಂದ ಹಿಡಿದಿರಬೇಕು. ಒದ್ದೆ ಬಟ್ಟೆ ಬೇಡ. ಕೆಲಸ ಮುಗಿದ ಮೇಲೆ ಯಂತ್ರಕ್ಕೆ ಬಟ್ಟೆ ಹೊದಿಸುವುದು ಒಳ್ಳೆಯದು. ಆದರೆ ಯಂತ್ರ ನಡೆಯುತ್ತಿರುವಾಗ ಹೊದಿಸಬಾರದು.

3. ತಾರೀಖು ತಪ್ಪಿಸುವ ಸಣ್ಣ ಸೆಲ್

ಯಂತ್ರದೊಳಗೆ ನಾಣ್ಯದಷ್ಟು ಅಗಲದ 3 ವೋಲ್ಟಿನ ಒಂದು ಸೆಲ್ ಇರುತ್ತದೆ. ಸಿ.ಆರ್. 2032 ಎಂಬುದು ಅದರ ಸಾಮಾನ್ಯ ಗುರುತು. ಯಂತ್ರ ಆರಿದ್ದಾಗಲೂ ದಿನಾಂಕ, ಸಮಯ ಓಡುವಂತೆ ಮಾಡುವುದು ಇದೇ. ಕೆಲವು ವರ್ಷಗಳ ನಂತರ ಇದು ಮುಗಿದರೆ, ಕರೆಂಟು ತೆಗೆದು ಮತ್ತೆ ಕೊಟ್ಟಾಗ ಯಂತ್ರ ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತದೆ. ಯಾರೂ ನೋಡದೆ ಖರೀದಿ ಆರಂಭಿಸಿದರೆ ಆ ಹೊತ್ತಿನ ಹಾಲೆಲ್ಲ ತಪ್ಪು ತಾರೀಖಿಗೆ ಜಮೆಯಾಗಬಹುದು. ಬಟವಾಡೆಯ ದಿನ "ನಾನು ಹಾಕಿದ ಹಾಲು ಎಲ್ಲಿ?" ಎಂಬ ಜಗಳ ಹುಟ್ಟುತ್ತದೆ. ಕದ್ದವರು ಯಾರೂ ಇಲ್ಲ, ತಪ್ಪು ಸೆಲ್ಲಿನದು.

ಪರಿಹಾರ ಸುಲಭ. ಮೊದಲ ಸದಸ್ಯರ ಹಾಲು ತೂಗುವ ಮುನ್ನ ಪ್ರತಿದಿನ ಎರಡು ಹೊತ್ತೂ ತಾರೀಖು, ಸಮಯ ನೋಡಬೇಕು. ಚೀಟಿಯ ಮೇಲಿನ ತಾರೀಖನ್ನು ಸದಸ್ಯರೂ ನೋಡಬೇಕು. ತಾರೀಖು ಒಮ್ಮೆ ಹಿಂದೆ ಹೋದರೂ ಸೆಲ್ ಬದಲಿಸಿ. ಅದರ ಬೆಲೆ ಅಲ್ಪ.

4. ವೈರಸ್: ಲಸಿಕೆ ಮತ್ತು ಪ್ರತ್ಯೇಕತೆ

ಹೊಸ ಹಸು ಕೊಂಡು ತಂದರೆ ಮೂರು ನಾಲ್ಕು ವಾರ ಬೇರೆ ಕಟ್ಟಿ ಎನ್ನುತ್ತೇವೆ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿಸಿ ಎನ್ನುತ್ತೇವೆ. ಕಂಪ್ಯೂಟರಿಗೂ ಈ ಎರಡೇ ನಿಯಮ.

2017ರ ಮೇ 12ರಂದು ವಾನ್ನಾಕ್ರೈ ಎಂಬ ವೈರಸ್ ಹರಡತೊಡಗಿ ಕೆಲವೇ ದಿನಗಳಲ್ಲಿ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳನ್ನು ಹಿಡಿಯಿತು. ಕಡತಗಳಿಗೆಲ್ಲ ಬೀಗ ಹಾಕಿ, ಹಣ ಕೊಟ್ಟರೆ ಬೀಗ ತೆಗೆಯುತ್ತೇವೆ ಎಂಬ ಬೆದರಿಕೆಯನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಅದು ನುಗ್ಗುತ್ತಿದ್ದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಕಂಪನಿ ಅದೇ ವರ್ಷದ ಮಾರ್ಚ್ ತಿಂಗಳಲ್ಲೇ ಕೊಟ್ಟಿತ್ತು. ಎಂದರೆ ಲಸಿಕೆ ರೋಗಕ್ಕಿಂತ ಎರಡು ತಿಂಗಳು ಮೊದಲೇ ಬಂದಿತ್ತು, ಹಾಕಿಸದವರು ಕೆಟ್ಟರು. ಆದ್ದರಿಂದ ವಾರಕ್ಕೊಮ್ಮೆ, ಖರೀದಿಯ ಹೊತ್ತು ಬಿಟ್ಟು, ಅಪ್‌ಡೇಟ್ ಆಗಲು ಬಿಡಿ.

ವಿಂಡೋಸ್ 7ಕ್ಕೆ ಇಂಥ ಅಪ್‌ಡೇಟುಗಳು 2020ರ ಜನವರಿ 14ಕ್ಕೆ ನಿಂತವು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ಸಂಘದ ಯಂತ್ರದಲ್ಲಿ ಯಾವುದಿದೆ ಎಂದು ಕೇಳಿ. ಹೊಸದಕ್ಕೆ ಬದಲಿಸುವ ಮೊದಲು ಹಾಲು ಖರೀದಿಯ ತಂತ್ರಾಂಶ, ತೂಕದ ಯಂತ್ರ, ಹಾಲು ಪರೀಕ್ಷಾ ಯಂತ್ರ ಮೂರೂ ಅದಕ್ಕೆ ಹೊಂದುತ್ತವೆಯೇ ಎಂದು ಸರಬರಾಜುದಾರರಿಂದ ಖಚಿತ ಮಾಡಿಕೊಳ್ಳಿ. ಹಳೆಯದನ್ನೇ ಕೆಲಕಾಲ ನಡೆಸಬೇಕಾಗಿದ್ದರೆ ಅದನ್ನು ಇಂಟರ್ನೆಟ್ಟಿಗೆ ಜೋಡಿಸದೆ ಖರೀದಿಗೆ ಮಾತ್ರ ಬಳಸುವುದು ಕ್ಷೇಮ. ಕದ್ದ ಪ್ರತಿಯ ವಿಂಡೋಸ್ ಹಾಕಿಸಬೇಡಿ, ರೋಗ ಅದರ ಜೊತೆಗೇ ಬರಬಹುದು.

ಪೆನ್ ಡ್ರೈವ್ ಹಲವು ಕೊಟ್ಟಿಗೆ ತಿರುಗಿ ಬಂದ ಹೋರಿಯಿದ್ದಂತೆ. ಮದುವೆಯ ವಿಡಿಯೋ, ಸಿನಿಮಾ, ಹಾಡು ತುಂಬಿಕೊಂಡು ಬಂದ ಪೆನ್ ಡ್ರೈವನ್ನು ಸಂಘದ ಯಂತ್ರಕ್ಕೆ ಸಿಕ್ಕಿಸಬಾರದು. ಸಂಘದ ಪೆನ್ ಡ್ರೈವ್ ಬೇರೆ ಇರಲಿ, ಅದಕ್ಕೆ ಬಣ್ಣ ಹಚ್ಚಿ ಗುರುತು ಮಾಡಿ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಎಂಬ ವೈರಸ್ ನಿರೋಧಕವನ್ನು ಆರಿಸಬೇಡಿ.

ವಾಟ್ಸಾಪಿನಲ್ಲಿ ಪಿ.ಎಂ. ಕಿಸಾನ್, ಬ್ಯಾಂಕ್ ಕೆ.ವೈ.ಸಿ. ಮುಂತಾದ ಹೆಸರಿನಲ್ಲಿ ಬರುವ ಕಡತಗಳನ್ನು ತೆರೆಯಬೇಡಿ. ಈ ಮಾತು ನಿಮ್ಮ ಮನೆಯ ಮೊಬೈಲಿಗೂ ಅನ್ವಯಿಸುತ್ತದೆ. ಒ.ಟಿ.ಪಿ. ಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ. ಇದು ಸೈಬರ್ ಅಪರಾಧಗಳಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ.

ರಿಪೇರಿಯವರು ದೂರದಿಂದಲೇ ಯಂತ್ರ ನೋಡಲು ಒಂದು ತಂತ್ರಾಂಶ ಬಳಸುತ್ತಾರೆ. ನೀವೇ ಕರೆಸಿದ, ಪರಿಚಯವಿರುವವರಿಗೆ ಮಾತ್ರ ಅವಕಾಶ ಕೊಡಿ. ಕೆಲಸ ಮುಗಿಯುವವರೆಗೆ ಎದುರಿಗೆ ಕುಳಿತಿದ್ದು, ಮುಗಿದ ಕೂಡಲೇ ಅದನ್ನು ಮುಚ್ಚಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಬೇಡಿ.

5. ನಕಲು: ಎಲ್ಲಕ್ಕಿಂತ ಮುಖ್ಯ

ನಿಯಮ ಸರಳವಾಗಿದೆ. ಲೆಕ್ಕ ಮೂರು ಪ್ರತಿಗಳಲ್ಲಿ ಇರಬೇಕು. ಎರಡು ಬೇರೆ ಬೇರೆ ಸಾಧನಗಳಲ್ಲಿ ಇರಬೇಕು. ಒಂದು ಪ್ರತಿಯಾದರೂ ಬೇರೆ ಕಟ್ಟಡದಲ್ಲಿ ಇರಬೇಕು. ಸಂಘದ ಮಟ್ಟದಲ್ಲಿ ಹೀಗೆ ಮಾಡಬಹುದು:

ಪ್ರತಿದಿನ: ಸಂಜೆಯ ಖರೀದಿ ಮುಗಿದ ಮೇಲೆ ತಂತ್ರಾಂಶದ ಬ್ಯಾಕಪ್ ತೆಗೆದು ಪೆನ್ ಡ್ರೈವಿಗೆ ಹಾಕಿ. ಎರಡು ಪೆನ್ ಡ್ರೈವ್ ಇಟ್ಟುಕೊಂಡು ಒಂದು ದಿನ ಒಂದು, ಮರುದಿನ ಇನ್ನೊಂದು ಬಳಸಿ. ಒಂದು ಕೆಟ್ಟರೂ ಒಂದೇ ದಿನದ ನಷ್ಟ.

ವಾರಕ್ಕೊಮ್ಮೆ: ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ, ಬಿಚ್ಚಿ, ಅಧ್ಯಕ್ಷರ ಅಥವಾ ಒಬ್ಬ ನಿರ್ದೇಶಕರ ಮನೆಯ ಬೀರುವಿನಲ್ಲಿ ಇಡಿ. ಸದಾ ಸಿಕ್ಕಿಸಿಯೇ ಇಡಬಾರದು. ಬೀಗ ಹಾಕುವ ವೈರಸ್ ಜೋಡಿಸಿದ ಡಿಸ್ಕಿಗೂ ಬೀಗ ಹಾಕುತ್ತದೆ, ಸಿಡಿಲು ಅದನ್ನೂ ಸುಡುತ್ತದೆ.

ಪ್ರತಿ ಬಟವಾಡೆಗೆ: ಪೂರ್ಣ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ, ಸಹಿ ಹಾಕಿ ಕಡತಕ್ಕೆ ಸೇರಿಸಿ. ಲೆಕ್ಕಪರಿಶೋಧನೆಗೂ ಇದು ಬೇಕಾಗುತ್ತದೆ. ಗರ್ಭಧಾರಣೆಯ ದಾಖಲೆಯನ್ನು ಕೈಬರಹದ ವಹಿಯಲ್ಲೂ ಬರೆಯಿರಿ. ಕಿವಿಯೋಲೆಯ 12 ಅಂಕಿಗಳನ್ನು ಪೂರ್ತಿ ಬರೆಯಬೇಕು.

ತಿಂಗಳಿಗೊಮ್ಮೆ: ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ. ತೆರೆಯದ ನಕಲು ಗರ್ಭ ಪರೀಕ್ಷೆ ಮಾಡಿಸದ ಹಸುವಿದ್ದಂತೆ. ನಿಂತಿದೆ ಎಂದು ನಂಬಿ ಕುಳಿತು, ತಿಂಗಳು ತುಂಬಿದಾಗ ಬರಿದು ಎಂದು ತಿಳಿದರೆ ಏನು ಪ್ರಯೋಜನ?

6. ಯಂತ್ರ ನಿಂತ ದಿನ

ಕರೆದ ಹಾಲು ರಿಪೇರಿಯವರಿಗಾಗಿ ಕಾಯುವುದಿಲ್ಲ. ಆದ್ದರಿಂದ ಕೈಬರಹದ ಖರೀದಿ ವಹಿ, ಸದಸ್ಯರ ಸಂಖ್ಯೆಯ ಪಟ್ಟಿ, ಜಿಡ್ಡು ಮತ್ತು ಎಸ್.ಎನ್.ಎಫ್. ಆಧಾರದ ದರಪಟ್ಟಿಯ ಮುದ್ರಿತ ಪ್ರತಿ, ಇವು ಮೂರು ಸದಾ ಮೇಜಿನ ಖಾನೆಯಲ್ಲಿ ಸಿದ್ಧವಿರಲಿ. ಕೈಯಲ್ಲಿ ಬರೆದ ದಿನದ ಲೆಕ್ಕವನ್ನು ಯಂತ್ರ ಸರಿಯಾದ ಮೇಲೆ ಇಬ್ಬರು ಕುಳಿತು, ಒಬ್ಬರು ಓದಿ ಒಬ್ಬರು ದಾಖಲಿಸಬೇಕು.

ಯಂತ್ರ ಕರಕರ ಸದ್ದು ಮಾಡಿದರೆ, ಕಡತ ತೆರೆಯಲು ಹೊತ್ತು ಹಿಡಿದರೆ, ಪದೇ ಪದೇ ನಿಂತರೆ ಡಿಸ್ಕ್ ಸೋಲುತ್ತಿರಬಹುದು. ಮೊದಲು ನಕಲು ತೆಗೆಯಿರಿ, ಆಮೇಲೆ ರಿಪೇರಿಗೆ ಕಳಿಸಿ. ಹಳೆಯ ಯಂತ್ರ ಮಾರುವಾಗ ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಳ್ಳಿ. ಅದರಲ್ಲಿ ನಿಮ್ಮೆಲ್ಲರ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆಗಳಿರುತ್ತವೆ.

ಸದಸ್ಯರ ಕರ್ತವ್ಯ

ಯಂತ್ರ ಕಾರ್ಯದರ್ಶಿಯವರ ಮೇಜಿನ ಮೇಲಿರಬಹುದು, ಅದರೊಳಗಿನ ಲೆಕ್ಕ ನಿಮ್ಮದು. ಕಡಿಮೆ ಸಂಬಳದಲ್ಲಿ ಎರಡು ಹೊತ್ತೂ ದುಡಿಯುವ ಸಿಬ್ಬಂದಿಯನ್ನು ದೂರುವ ಮೊದಲು, ಯು.ಪಿ.ಎಸ್. ಬ್ಯಾಟರಿಗೆ, ಎರಡು ಪೆನ್ ಡ್ರೈವಿಗೆ, ಒಂದು ಡಿಸ್ಕಿಗೆ ಆಡಳಿತ ಮಂಡಳಿ ಹಣ ಮಂಜೂರು ಮಾಡಿದೆಯೇ ಎಂದು ನೋಡಬೇಕು. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿ:

1. ನಮ್ಮ ಲೆಕ್ಕದ ನಕಲು ಎಲ್ಲಿದೆ? ಯಾರ ಬಳಿ ಇದೆ?
2. ಅದನ್ನು ಕಡೆಯ ಸಲ ತೆರೆದು ನೋಡಿದ್ದು ಯಾವಾಗ?
3. ಯು.ಪಿ.ಎಸ್. ಬ್ಯಾಟರಿ ಹಾಕಿ ಎಷ್ಟು ವರ್ಷವಾಯಿತು?
4. ಅರ್ಥಿಂಗ್ ಪರೀಕ್ಷೆ ಮಾಡಿಸಿದ್ದೀರಾ?
5. ಕಾರ್ಯದರ್ಶಿಯವರು ರಜೆಯಲ್ಲಿದ್ದರೆ ಯಂತ್ರ ನಡೆಸಬಲ್ಲ ಎರಡನೆಯವರು ಯಾರು?

ನಿಮ್ಮ ಪಾಲಿನ ಕೆಲಸವೂ ಒಂದಿದೆ. ಚೀಟಿಯನ್ನು ಬಟವಾಡೆ ಆಗುವವರೆಗೆ ಜೋಪಾನ ಮಾಡಿ. ಶಾಯಿಯಿಲ್ಲದೆ ಕಾವಿನಿಂದ ಮುದ್ರಿಸುವ ನುಣುಪು ಕಾಗದದ ಚೀಟಿ ಬಿಸಿಲಿಗೆ, ಸೆಕೆಗೆ ಬೇಗ ಮಾಸುತ್ತದೆ. ಅದನ್ನು ಕಿಟಕಿಯಲ್ಲಿ ಸಿಕ್ಕಿಸದೆ ಮುಚ್ಚಿದ ಡಬ್ಬಿಯಲ್ಲಿಡಿ, ಪಾಸ್‌ಬುಕ್ಕಿಗೆ ಬರೆಸಿ. ಹಸುವಿನ ಗರ್ಭಧಾರಣೆಯ ತಾರೀಖನ್ನು ಮನೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ.

ಮೊದಲು ಹೇಳಿದ ಆ ಸಂಘದಲ್ಲಿ ಈಗ ಬುಧವಾರದ ಸಂಜೆ ಒಬ್ಬ ನಿರ್ದೇಶಕರು ಬಂದು ಡಿಸ್ಕ್ ಒಯ್ದು ಮನೆಯಲ್ಲಿಡುತ್ತಾರೆ. ಮೋಡ ಕಂಡರೆ ಪ್ಲಗ್ ಕೀಳುವವರು ಇದ್ದಾರೆ. ಆ ಹಿರಿಯ ಸದಸ್ಯೆಯ ಡಬ್ಬಿ ಮಾತ್ರ ಮೊದಲಿದ್ದಲ್ಲೇ ಇದೆ. ಎಷ್ಟು ಹೇಳಿದರೂ ಅವರು ಅದನ್ನು ಬಿಟ್ಟಿಲ್ಲ. ಬಿಡುವುದೂ ಬೇಡ.

— ಪಶುವೈದ್ಯ ವಿಸ್ತರಣಾಧಿಕಾರಿ